ವಾರ್ನಿಷ್ ಹಚ್ಚದ ತೋಪು

ಆ ದಿನ ಬೆಳಿಗ್ಗೆ ಬಣ್ಣ ಕೆಟ್ಟಿತು. ಹಿತ್ತಲಿನ ನೀರೊಲೆಯ ಕೆಂಡದಲ್ಲಿ ಕುಡುಗೋಲಿನ ತುಂಡು ಇಟ್ಟು ಗಾಳೆಮ್ಮ ರೊಟ್ಟಿ ತಿರುವಿ ಹಾಕಲು ಒಳಗೆ ಹೋಗಿದ್ದಳು. ಪಕ್ಕದ ಮನೆಯ ಕೋಳಿ ಹಿಟ್ಟಿನ ಬುಟ್ಟಿಗೆ ಬಾಯಿ ಹಾಕಿತು. ಅದನ್ನು ಓಡಿಸಿ ಬರುವಷ್ಟರಲ್ಲಿ ತುಂಡಿನ ನೀಲಿ ಹೋಗಿ ಬೂದಿಯ ಬಣ್ಣ ಬಂದಿತ್ತು. ಅವಳು ಅದನ್ನೇ ಇಕ್ಕಳದಲ್ಲಿ ಹಿಡಿದು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಏನೂ ಆಗಿಲ್ಲವೇನೋ ಅನ್ನುವ ಹಾಗೆ ತಿರುಗಿ ನಡೆದಳು.

ಮೌನೇಶ ಕಿಟಕಿಯ ಬೆಳಕಿಗೆ ಚಾಪೆ ಹಾಸಿಕೊಂಡು ಕೂತಿದ್ದ. ಅವನ ಕೈಯಲ್ಲಿ ಗೇಣುದ್ದದ ತೋಪು ಇತ್ತು, ಮಿಲಿಟರಿ ಫಿರಂಗಿಯ ಮಾದರಿ. ತುಂಡನ್ನು ನೋಡಿದ. ಹೆಂಡತಿಯ ಬೆನ್ನು ನೋಡಿದ.

“ಏ, ನಿಂದ್ರು. ಏನಿದು?”

“ಬಣ್ಣ.”

“ಇದರಾಗ ಬಣ್ಣ ಎಲ್ಲೈತಿ?”

“ಕೋಳಿ ಬಂದಿತ್ರಿ.”

“ಕೋಳಿ ಬಂದ್ರ ತೋಪಿಗೆ ಕೋಳಿ ಬಣ್ಣ ಹಚ್ಚಲೇನು?”

“ಹಚ್ರಿ. ಇದನ್ನ ಮಾಡಾಕ ಹೇಳಿದ ಮಿಲ್ಟ್ರಿ ಸೋಮಪ್ಪಣ್ಣಗೂ ಕೋಳಿ ಅಂದ್ರ ಜೀವ.”

ಅವನು ನಗಲಿಲ್ಲ, ಆದರೆ ಮೀಸೆಯ ಒಂದು ಕಡೆ ಸ್ವಲ್ಪ ಎದ್ದಿತು. “ಹೋಗು, ಇನ್ನೊಮ್ಮೆ ತಿಕ್ಕಿ ಇಡು. ನವಿಲು ಕುತ್ತಿಗಿ ಕಂಡ ಕೂಡ್ಲೆ ತಗಿ. ಕೋಳಿ ಕುತ್ತಿಗಿ ಅಲ್ಲ.”

ಗಾಳೆಮ್ಮ ಗೊಣಗಿಕೊಂಡೇ ಹೋದಳು. ಇಟ್ಟಿಗೆಯ ಪುಡಿ ಹಾಕಿ ತುಂಡನ್ನು ತಿಕ್ಕಿದಳು. ಹಳೆಯ ಬಣ್ಣ ಹೋಗಿ ಬಿಳಿ ಉಕ್ಕು ಕಂಡಿತು. ಮತ್ತೆ ಕೆಂಡಕ್ಕೆ ಇಟ್ಟು ಈ ಸಲ ಕದಲದೆ ನಿಂತಳು. ಮೊದಲು ತುದಿಯಲ್ಲಿ ಒಣಗಿದ ಜೋಳದ ದಂಟಿನ ಬಣ್ಣ ಬಂತು. ಅದು ನಿಧಾನಕ್ಕೆ ಹಿಂದಿನ ತುದಿಯ ಕಡೆ ಸರಿಯಿತು. ಅದರ ಹಿಂದೆ ಬೆಲ್ಲದ ಬಣ್ಣ ಬಂತು. ಬೆಲ್ಲದ ಹಿಂದೆ ಬದನೆಕಾಯಿ. ಬದನೆಕಾಯಿ ಸರಿದ ಮೇಲೆ ತುದಿಯಲ್ಲಿ ನವಿಲಿನ ಕುತ್ತಿಗೆ. ಅದು ನಿಲ್ಲುವುದು ಒಂದು ಉಸಿರಿನಷ್ಟು ಹೊತ್ತು. ಆ ಉಸಿರಿನಲ್ಲಿ ತೆಗೆದರೆ ಎಲ್ಲ ಬಣ್ಣಗಳೂ ಸಾಲಾಗಿ ನಿಲ್ಲುತ್ತವೆ. ತಡವಾದರೆ ಬೂದಿ.

ದಿನಾ ಬೆಳಿಗ್ಗೆ ಇದೇ ಕೆಲಸ. ಈ ತುಂಡನ್ನು ನೋಡಿಕೊಂಡೇ ಅವನು ತೋಪಿಗೆ ಬಣ್ಣ ಎಳೆಯುತ್ತಿದ್ದ. ಮೊದಲು ಕುಡುಗೋಲಿನ ತುಂಡು, ಆಮೇಲೆ ಚಹಾ. ಮದುವೆಯಾಗಿ ಬಂದ ಹೊಸದರಲ್ಲಿ ಯಾರಾದರೂ ಗಂಡ ಏನು ಮಾಡುತ್ತಾನೆ ಎಂದು ಕೇಳಿದರೆ ಬೋರ್ಡು ಬರೆಯುತ್ತಾನೆ ಎಂದು ಹೇಳುವುದು ಸುಲಭವಾಗಿತ್ತು. ಈ ತೋಪಿನ ಕೆಲಸವನ್ನು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಸುಡದ ಕಬ್ಬಿಣ ಸುಟ್ಟ ಹಾಗೆ ಕಾಣುವಂತೆ ಬಣ್ಣ ಬಳಿಯುತ್ತಾನೆ ಎಂದರೆ ಚಿಗಟೇರಿಯ ಅವಳ ತವರಿನವರು ನಗುತ್ತಿದ್ದರು.

ಮೌನೇಶ ಗುಡೇಕೋಟೆಯ ಕಮ್ಮಾರರ ಮನೆಯವನು. ಅವನು ಅಂಬೆಗಾಲಿಡುವಾಗಲೇ ತಾಯಿ ಹೋದಳು. ಸಾಕಿದವಳು ಅಕ್ಕ ಜಂಬಕ್ಕ. ಅವಳೂ ಆಗ ಲಂಗ ಉಡುವ ಹುಡುಗಿ. ಅಪ್ಪನ ಕುಲುಮೆಯಲ್ಲಿ ಮೌನೇಶ ತಿದಿ ಒತ್ತುತ್ತಿದ್ದ. ಸಂಜೆಯಾದರೆ ಜಂಬಕ್ಕ ಅವನನ್ನು ಬಚ್ಚಲು ಕಲ್ಲಿನ ಮೇಲೆ ನಿಲ್ಲಿಸಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಚರ್ಮ ಹೋದರೂ ಚಿಂತೆಯಿಲ್ಲ, ಮಸಿ ಹೋಗಬೇಕು ಅವಳಿಗೆ. ಊರವರು ತನ್ನ ತಮ್ಮನನ್ನು ತಾಯಿಲ್ಲದ ಹೊಲಸು ಹುಡುಗ ಎನ್ನಬಾರದು. ಅವನು ಅಳುತ್ತಿದ್ದ, ಅವಳು ತಿಕ್ಕುತ್ತಿದ್ದಳು. ದೊಡ್ಡವನಾದ ಮೇಲೂ ಅಕ್ಕ ಬರುತ್ತಾಳೆ ಎಂದರೆ ಅವನು ಮೊದಲು ಉಗುರು ನೋಡಿಕೊಳ್ಳುತ್ತಿದ್ದ.

ಸುತ್ತಿಗೆ ಅವನ ಕೈಗೆ ಹತ್ತಲಿಲ್ಲ. ಕಾದ ಕಬ್ಬಿಣ ಹೊರಗೆ ಬಂದರೆ ಬಡಿಯುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತಿದ್ದ. ಅಪ್ಪ ಬೈದ, ಹೊಡೆದ, ಕೊನೆಗೆ ಬಿಟ್ಟುಬಿಟ್ಟ. ಅಪ್ಪ ಸತ್ತ ಮೇಲೆ ಕುಲುಮೆ ನಿಂತಿತು. ಅಷ್ಟರಲ್ಲಿ ಕೂಡ್ಲಿಗಿ ಬಜಾರಿಗೆ ಕಂಪನಿಯ ಕುಡುಗೋಲು, ಕಂಪನಿಯ ಕುಂಟೆ ಬಂದಿದ್ದವು. ಅಪ್ಪನ ಇಕ್ಕಳ ಮತ್ತು ಒಂದು ಮುರಿದ ಕುಡುಗೋಲನ್ನು ಚೀಲಕ್ಕೆ ಹಾಕಿಕೊಂಡು ಮೌನೇಶ ಕೂಡ್ಲಿಗಿಗೆ ಬಂದ. ಒಬ್ಬ ಪೇಂಟರ್ ಕೈಕೆಳಗೆ ಅಕ್ಷರ ಬರೆಯುವುದನ್ನು ಕಲಿತ. ಆಮೇಲೆ ದೊಡ್ಡ ರಸ್ತೆಯ ಪಕ್ಕ ಒಂದು ತಗಡಿನ ಡಬ್ಬಿ ಅಂಗಡಿ ಇಟ್ಟುಕೊಂಡ. ಲಾರಿಗಳ ನಂಬರ್ ಪ್ಲೇಟು, ಕಿರಾಣಿ ಅಂಗಡಿಯ ಬೋರ್ಡು, ಮದುವೆಯ ಮನೆಗೆ ದಾರಿ ತೋರಿಸುವ ಬಾಣ. ಹೊಟ್ಟೆಗೆ ಕೊರತೆಯಿರಲಿಲ್ಲ. ಮಕ್ಕಳಾಗಲಿಲ್ಲ. ಅದನ್ನು ಇಬ್ಬರೂ ಮಾತಾಡಿ ಮುಗಿಸಿ ಬಹಳ ದಿನವಾಗಿತ್ತು.

ಕಾರ್ಗಿಲ್ ಯುದ್ಧ ಆದ ವರ್ಷ ಊರಿನ ಹುಡುಗರು ಆಗಸ್ಟ್ ಹದಿನೈದರ ಮೆರವಣಿಗೆಗೆ ಟ್ರ್ಯಾಕ್ಟರಿನ ಮೇಲೆ ತೋಪು ಕೂರಿಸಿದರು. ಬೋರ್‌ವೆಲ್ಲಿನ ಪೈಪು, ಬಂಡಿಯ ಗಾಲಿ. ಬಣ್ಣ ಹೊಡೆಯಲು ಮೌನೇಶನನ್ನು ಕರೆದರು. ಹಸಿರು ಬಳಿದುಬಿಡು ಸಾಕು ಎಂದರು. ಅವನು ಹಸಿರು ಬಳಿದ. ಆಮೇಲೆ ತೋಪಿನ ಬಾಯಿಯ ಹತ್ತಿರ ಕೂತು, ಗುಂಡು ಹಾರಿ ಹಾರಿ ಸುಟ್ಟ ಕಬ್ಬಿಣದ ಬಣ್ಣವನ್ನು ತಂದ. ಮೆರವಣಿಗೆಯಲ್ಲಿ ಒಬ್ಬ ಮುದುಕಿ ತನ್ನ ಮೊಮ್ಮಗನ ಕೈ ಹಿಂದಕ್ಕೆ ಎಳೆದು, “ಮುಟ್ಟಬ್ಯಾಡಲೇ, ಸುಡ್ತತಿ” ಎಂದಳಂತೆ. ಈ ಮಾತನ್ನು ಅವನು ಗಾಳೆಮ್ಮನಿಗೆ ಎಷ್ಟು ಸಲ ಹೇಳಿದನೋ. ಹೇಳುವಾಗೆಲ್ಲ ಮುದುಕಿಯ ದನಿ ತೆಗೆಯುತ್ತಿದ್ದ.

ಅಲ್ಲಿಂದ ಸಣ್ಣ ತೋಪುಗಳು ಶುರುವಾದವು. ಮುರಿದ ಕೊಡೆಯ ಪೈಪು ತೋಪಿನ ನಳಿಗೆ ಆಗುತ್ತಿತ್ತು. ಡಬ್ಬಿಯ ತಗಡು ಮೈ. ಮರದ ಗಾಲಿ. ಎಲ್ಲ ಬೆಸುಗೆ ಹಾಕಿ ಕೂಡಿಸುತ್ತಿದ್ದ. ಮಿಲಿಟರಿಯಿಂದ ನಿವೃತ್ತರಾದವರು ಒಬ್ಬೊಬ್ಬರಾಗಿ ಬಂದು ಹೇಳಿ ಮಾಡಿಸಿಕೊಂಡರು. ಹೆಚ್ಚು ಜನ ಅಲ್ಲ. ಬಂದವರಿಗೆ ಬೇಕಾದದ್ದು ಹಸಿರು ಮೈ, ಮಿಂಚುವ ಬಾಯಿ. ಸುಟ್ಟ ಬಣ್ಣ ಯಾರಿಗೂ ಬೇಕಿರಲಿಲ್ಲ. ಹರಪನಹಳ್ಳಿಯ ಒಬ್ಬರು ತೋಪನ್ನು ತಿರುಗಿ ತಂದು, ಇದಕ್ಕೆ ಕೊಳೆ ಹತ್ತಿದೆ, ಒರೆಸಿ ಕೊಡು ಎಂದರು. ಮೌನೇಶ ಅವರಿಗೆ ಬೇರೆಯದನ್ನು ಮಾಡಿ ಕೊಟ್ಟ. ತಂದದ್ದನ್ನು ಒರೆಸಲಿಲ್ಲ.

ಗಾಳೆಮ್ಮ ಒಮ್ಮೆ ಕೇಳಿದ್ದಳು: “ಕುಡುಗೋಲು ಸುಟ್ಟಂಗ ತೋಪನ್ನೂ ಒಲ್ಯಾಗ ಇಟ್ರ ಆತು. ಇಷ್ಟು ತಿಣುಕಾಡೋದು ಯಾಕ?”

“ಬೆಸುಗಿ ಬಿಡ್ತತಿ. ಗಾಲಿ ಒಂದು ಕಡಿ, ನಳಿಗಿ ಒಂದು ಕಡಿ ಬೀಳ್ತಾವು.”

“ಹಂಗಾರ ಬಣ್ಣದ ಡಬ್ಬಿ ತಂದು ಬಳೀರಿ.”

“ಡಬ್ಬಿ ಬಣ್ಣ ದಪ್ಪ. ಅದರ ಕೆಳಗ ಕಬ್ಬಿಣ ಕಾಣಂಗಿಲ್ಲ.”

ಅವನ ಬಣ್ಣವೇ ಬೇರೆ. ಜಾಲಿ ಅಂಟನ್ನು ನೀರಿನಲ್ಲಿ ನೆನೆಸಿ, ಒಂದು ಬಟ್ಟಲಿನಲ್ಲಿ ಅರಿಶಿನ, ಒಂದರಲ್ಲಿ ಬೆಲ್ಲದ ಪಾಕದಷ್ಟು ಕಂದು, ಒಂದರಲ್ಲಿ ಆಫೀಸಿನವರು ಸೀಲು ಒತ್ತುವ ನೇರಳೆ ಶಾಯಿ, ಒಂದರಲ್ಲಿ ಬಟ್ಟೆಗೆ ಹಾಕುವ ನೀಲಿ. ಬಾಯಿಯ ಒಳಕ್ಕೆ ದೀಪದ ಮಸಿ. ಬಟ್ಟೆಯ ತುದಿಯಲ್ಲಿ ಅದ್ದಿ, ಹಿಂಡಿ, ಪೈಪಿನ ಮೇಲೆ ಎಳೆಯುತ್ತಿದ್ದ. ಒಣಗಿದ ಮೇಲೆ ಇನ್ನೊಮ್ಮೆ. ಈರುಳ್ಳಿ ಸಿಪ್ಪೆಗಿಂತ ತೆಳು. ಅದರ ಕೆಳಗೆ ಕಬ್ಬಿಣ ಹೊಳೆಯುತ್ತಲೇ ಇರುತ್ತಿತ್ತು. ಕೊನೆಗೆ ವಾರ್ನಿಷ್. ವಾರ್ನಿಷ್ ಹಚ್ಚುವ ತನಕ ಆ ಬಣ್ಣಕ್ಕೆ ಜೀವದ ಖಾತ್ರಿ ಇಲ್ಲ. ಒದ್ದೆ ಕೈ ತಾಗಿದರೂ ಹೋಯಿತು.

ಆ ದಿನ ಬಿಸಿಲು ಏರುವ ಮುಂಚೆ ಸೋಮಪ್ಪ ಬಂದ. ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಮೊದಲು ತೋಪಿನ ಪಡೆಯಲ್ಲಿ ಇದ್ದವನು. ತೋಪಿನ ಸದ್ದಿಗೆ ಒಂದು ಕಿವಿ ಹೋಗಿತ್ತು, ಉಳಿದ ಕಿವಿಯನ್ನು ಗಿರಣಿ ತಿನ್ನುತ್ತಿತ್ತು. ತನಗೆ ಕೇಳುವಷ್ಟು ದನಿಯಲ್ಲಿ ಮಾತಾಡುತ್ತಿದ್ದ. ಅವನು ಬಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ತಾನು ಹಾರಿಸಿದಂಥ ತೋಪೇ ಬೇಕೆಂದು ಅವನು ಹೇಳಿದ್ದ. ಮೌನೇಶನ ಕೈಯಲ್ಲಿದ್ದದ್ದು ಅದೇ.

“ಏನಪಾ, ನಮ್ಮ ತೋಪು ಆತೇನು?”

“ಆಗೈತ್ರಿ. ವಾರ್ನಿಷ್ ಒಂದು ಬಾಕಿ.”

ಸೋಮಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ನಮ್ಮ ತೋಪಿನ ಬಾಯಿ ಕರ್ರಗಿತ್ತು. ಇದೇನು, ಮದುವಿ ಸೀರಿ ಅಂಚು ಇದ್ದಂಗೈತಿ.”

“ಹತ್ರ ಹೋಗಿ ನೋಡಿದ್ರೇನು ಯಾವಾಗರ?”

“ಹತ್ರ ಹೋದೋರು ಹೇಳಾಕ ಉಳೀತಾರೇನು?”

ಗಾಳೆಮ್ಮ ಚಹಾ ತಂದಿಟ್ಟಳು. “ಮಿಲ್ಟ್ರಿಯಾಗ ನೀವು ಬಾಗಲ ಹತ್ರ ನಿಂತಿದ್ರೇನೋ ಅಣ್ಣಾ. ತೋಪಿನ ಹತ್ರ ಅಲ್ಲ.”

“ನೋಡು, ನಿನ್ನ ಹೆಂಡ್ತಿಗೆ ಭಯ ಇಲ್ಲ” ಎಂದು ಸೋಮಪ್ಪ ನಕ್ಕ. ಆಮೇಲೆ ತೋಪಿನ ಕೆಳಗೆ ಅಂಗೈ ಒಡ್ಡಿ ಎತ್ತಿ ಬೆಳಕಿಗೆ ಹಿಡಿದ. ಹೊರಳಿಸಿದ. ನಗು ನಿಂತಿತು. ಇನ್ನೊಂದು ಕೈಯ ಬೆರಳನ್ನು ತೋಪಿನ ಬಾಯಿಯ ಕಡೆ ಒಯ್ದವನು ತಾಗುವ ಮುಂಚೆಯೇ ಹಿಂದಕ್ಕೆ ತೆಗೆದುಕೊಂಡ. ತೆಗೆದುಕೊಂಡದ್ದು ಅವನಿಗೂ ಗೊತ್ತಾಗಲಿಲ್ಲ.

ಮೌನೇಶ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಬಂತು, ಹೋಯಿತು.

“ಮುಟ್ಟದಿದ್ದದ್ದು ಚಲೋ ಆತ್ರಿ” ಎಂದ. “ವಾರ್ನಿಷ್ ಆಗಿಲ್ಲ. ಹಸಿ ಬಟ್ಟಿ ತಾಗಿದ್ರೂ ಹೋಗ್ತತಿ.”

“ಮತ್ತ ಯಾವಾಗ ಕೊಡ್ತಿ?”

“ವಾರ್ನಿಷ್ ಬಾಟ್ಲಿ ಒಣಗಿ ಕಲ್ಲಾಗೈತಿ. ನಾಳೆ ಹೊಸಾದು ತರ್ತೀನಿ. ಒಂದು ಕೊನೀ ಕೈ ಉಳದೈತಿ. ಅದನ್ನೂ ಹಾಕಿ ಹಚ್ಚಿಬಿಡ್ತೀನಿ.”

ಆ ದಿನ ಅಷ್ಟೇ. ಅವನು ಅಂಗಡಿಗೆ ಹೋದ, ಬಂದ. ಹುರುಳಿ ಸಾರು ಉಪ್ಪಾಯಿತು ಎಂದ. ಎರಡನೆಯ ಸಲ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಗಾಳೆಮ್ಮ ಒಲೆ ಬಿಟ್ಟು ಕದಲಲಿಲ್ಲ. ಬಣ್ಣ ಸರಿಯಾಗಿ ಬಂತು. ದಂಟು, ಬೆಲ್ಲ, ಬದನೆ, ನವಿಲು. ಅವನು ತುಂಡನ್ನು ಬೆಳಕಿಗೆ ಹಿಡಿದು ನೋಡಿ, “ಹ್ಞೂಂ” ಎಂದ. ಮೆಚ್ಚಿದರೆ ಅವನು ಅಷ್ಟೇ ಹೇಳುತ್ತಿದ್ದದ್ದು. ತುಂಡನ್ನು ಪಕ್ಕದಲ್ಲಿಟ್ಟುಕೊಂಡು ತೋಪಿನ ಬಾಯಿಗೆ ಕೊನೆಯ ಸಲ ನೀಲಿ ಎಳೆದ. ಉಸಿರು ಊದಿ ಒಣಗಿಸಿದ. ಮೇಲೆ ಒಂದು ಹಾಳೆ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಸೈಕಲ್ ತೆಗೆದುಕೊಂಡು ಬಜಾರಿಗೆ ಹೋದ.

ಆಗ ಅದಿರು ಲಾರಿಗಳ ಕಾಲ. ದೊಡ್ಡ ರಸ್ತೆಯಲ್ಲಿ ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಬಜಾರಿನಿಂದ ಮನೆಗೆ ಬರಲು ಆ ರಸ್ತೆ ದಾಟಬೇಕು. ಮೌನೇಶ ದಾಟಲಿಲ್ಲ.

ಲಾರಿ ನಿಲ್ಲಲಿಲ್ಲ. ನೋಡಿದವರು ಇದ್ದರು. ಹಿಂದಿನ ನಂಬರ್ ಪ್ಲೇಟಿಗೆ ಕೆಂಪು ಧೂಳು ಹತ್ತಿತ್ತು, ಒಂದು ಅಕ್ಷರವೂ ಕಾಣಲಿಲ್ಲ ಎಂದರು. ಗಾಳೆಮ್ಮ ಓಡಿ ಹೋದಾಗ ಅವನ ಮೇಲೆ ಯಾರದೋ ಪಂಚೆ ಹೊದಿಸಿದ್ದರು. ರಸ್ತೆಯೆಲ್ಲ ವಾರ್ನಿಷ್ ವಾಸನೆ. ಬಾಟಲಿ ಅವನ ಅಂಗಿಯ ಜೇಬಿನಲ್ಲೇ ಒಡೆದಿತ್ತು.

ಮಣ್ಣು ಮಾಡಿದರು. ಜಂಬಕ್ಕ ಗುಡೇಕೋಟೆಯಿಂದ ಬಂದವಳು ಅಲ್ಲೇ ಉಳಿದಳು. ಅವಳು ಅಳುವುದು ಕೆಲಸ ಮಾಡುತ್ತ. ಕಸ ಹೊಡೆಯುತ್ತ ಅಳುತ್ತಿದ್ದಳು, ನೀರು ತರುತ್ತ ಅಳುತ್ತಿದ್ದಳು. ಗಾಳೆಮ್ಮನಿಗೆ ಅಳು ಬರಲಿಲ್ಲ. ಬಂದ ಹೆಂಗಸರು ಅದನ್ನು ನೋಡಿದರು, ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಅಂದುಕೊಳ್ಳಲಿ.

ಅವಳಿಗೆ ಒಂದೇ ಯೋಚನೆ. ಕಿಟಕಿಯ ಕಟ್ಟೆಯ ಮೇಲಿನ ತೋಪು. ಮನೆಯಲ್ಲಿ ಅವನು ಮಾಡಿದ ಬೇರೆ ತೋಪು ಇರಲಿಲ್ಲ. ಹರಪನಹಳ್ಳಿಯಿಂದ ತಿರುಗಿ ಬಂದದ್ದನ್ನೂ ಯಾರೋ ಕೇಳಿದರೆಂದು ಕೊಟ್ಟುಬಿಟ್ಟಿದ್ದ. ಊರಿನ ಬೋರ್ಡುಗಳಲ್ಲಿ ಅವನ ಅಕ್ಷರ ಇತ್ತು, ಅದು ಬಿಸಿಲಿಗೆ ಹೋಗುತ್ತಿತ್ತು, ಇನ್ನೊಬ್ಬ ಬಂದು ಮೇಲೆ ಬರೆಯುತ್ತಿದ್ದ. ಈ ತೋಪಿನ ಬಾಯಿಯ ಬಣ್ಣ ಮಾತ್ರ ಆ ಬೆಳಗಿನದು. ಅವಳು ಸುಟ್ಟುಕೊಟ್ಟದ್ದು, ಅವನು ನೋಡಿ ಎಳೆದದ್ದು. ಜನ ಇಲ್ಲದಾಗ ಹಾಳೆ ಎತ್ತಿ ನೋಡುತ್ತಿದ್ದಳು. ನವಿಲಿನ ಕುತ್ತಿಗೆ ಹಾಗೇ ಇತ್ತು. ಮುಚ್ಚುತ್ತಿದ್ದಳು. ಸೋಮಪ್ಪ ಕೇಳಿದರೆ ಕೊಡುವುದಿಲ್ಲ ಎಂದು ನಿಶ್ಚಯ ಮಾಡಿದ್ದಳು. ಏನು ಬೇಕಾದರೂ ಅನ್ನಲಿ, ಕೊಡುವುದಿಲ್ಲ. ವಾರ್ನಿಷ್ ಒಂದು ಹಚ್ಚಬೇಕು. ಆದರೆ ಸೂತಕ ಕಳೆಯುವವರೆಗೆ ಅವಳು ಹೊಸಿಲು ದಾಟುವ ಹಾಗಿರಲಿಲ್ಲ. ಇನ್ನೊಬ್ಬರಿಗೆ ವಾರ್ನಿಷ್ ತಂದುಕೊಡು ಎಂದು ಹೇಳಲು ಬಾಯಿ ಬರಲಿಲ್ಲ. ಆ ಹೆಸರೇ ಬಾಯಿಗೆ ಬರಲಿಲ್ಲ.

ಸೂತಕ ಕಳೆಯುವ ದಿನ ಬಂತು. ಸೂತಕದ ಮನೆಯಲ್ಲಿ ಆ ದಿನ ತೊಳೆಯದೆ ಏನನ್ನೂ ಬಿಡುವುದಿಲ್ಲ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಹಾಸಿಗೆ ಬಟ್ಟೆ ಹಳ್ಳಕ್ಕೆ. ಲೋಹದ್ದು ಅಂದರೆ ಸೂಜಿಯೂ ಹೊರಗೆ ಬರಬೇಕು, ಹುಣಸೆಹಣ್ಣು ಬೂದಿ ಕಾಣಬೇಕು. ನಸುಕಿನಲ್ಲೇ ಓಣಿಯ ಹೆಂಗಸರು ಬಂದು ಸಾಮಾನು ಹೊರಗೆ ಹಾಕತೊಡಗಿದರು.

ಗಾಳೆಮ್ಮನನ್ನು ಮುಂದಿನ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಕೊನೆಯ ಸಲ ಹಣೆತುಂಬ ಕುಂಕುಮ ಹಚ್ಚಿದರು. ಮಲ್ಲಿಗೆ ಮುಡಿಸಿದರು. ಹಸಿರು ಬಳೆ ತೊಡಿಸಿದರು. ಆಮೇಲೆ ಒಬ್ಬ ಮುದುಕಿ ಬಂದು, ಗಂಡ ಸತ್ತವಳೇ ಅವಳು, ಒಂದೊಂದನ್ನೇ ತೆಗೆದಳು. ಬಳೆ ಒಡೆದಳು. ತಾಳಿ ತೆಗೆದಳು. ಹೂ ಕಿತ್ತಳು. ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು, ಇನ್ನೂ ಕೆಂಪು ಉಳಿದಿದೆ ಎಂದು ಮತ್ತೊಮ್ಮೆ ಒರೆಸಿದಳು. ಹಿತ್ತಲಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ತಿಕ್ಕುವವರು ಯಾರೋ ಜೋರಾಗಿ ತಿಕ್ಕುತ್ತಿದ್ದರು.

ಸ್ನಾನ ಮಾಡಿಸಿ ಒಳಗೆ ಕರೆತಂದಾಗ ಅವಳ ಕಣ್ಣು ಮೊದಲು ಕಿಟಕಿಗೆ ಹೋಯಿತು. ಕಟ್ಟೆಗೆ ಹೊಸ ಸುಣ್ಣ ಬಳಿದಿದ್ದರು. ಅದರ ಮೇಲೆ ಮುಚ್ಚಿದ ಹಾಳೆ ಇರಲಿಲ್ಲ. ತೋಪು ಇತ್ತು. ಅದರ ಬಾಯಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕುಡುಗೋಲಿನ ತುಂಡು, ಅದೂ ಬಿಳಿ.

ಜಂಬಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಹುಣಸೆಯ ಹುಳಿಗೆ ಬೆರಳ ತುದಿಗಳು ಬಿರಿದಿದ್ದವು.

“ಏನು ಕರಿ ಹಿಡದಿತ್ತು ಯವ್ವಾ ಅದಕ್ಕ. ಒಲ್ಯಾಗ ಬಿದ್ದು ಸುಟ್ಟಿತ್ತೋ ಏನೋ. ನನ್ನ ತಮ್ಮ ಮಾಡಿದ್ದು ಹಂಗ ಹೊಲಸಾಗಿ ಇರಬೇಕೇನು? ನಾಕು ಮಂದಿ ಬಂದು ನೋಡ್ತಾರ. ತಿಕ್ಕಿದ್ದೇ ತಿಕ್ಕಿದ್ದು. ಒಣ ಬೂದಿಗೆ ಬಿಡಲಿಲ್ಲ ಅದು. ಹುಣಸಿ ನೀರು ಹಾಕಿದ ಮ್ಯಾಲೆ ಬಿಡ್ತು. ಈಗ ನೋಡು.”

ಗಾಳೆಮ್ಮ ನೋಡಿದಳು.

ಸುಟ್ಟಿತ್ತೋ ಏನೋ ಅಂದಳಲ್ಲ. ಕಮ್ಮಾರನ ಮಗಳು, ಬೆಂಕಿಯ ಪಕ್ಕದಲ್ಲೇ ಬೆಳೆದವಳು, ಅವಳೇ ಅದನ್ನು ನಿಜವಾಗಿ ಸುಟ್ಟದ್ದೆಂದು ನಂಬಿದಳು. ಇದನ್ನು ಕೇಳಲು ಅವನು ಇರಬೇಕಾಗಿತ್ತು. ಮೆರವಣಿಗೆಯ ಮುದುಕಿಯ ದನಿ ಬಿಟ್ಟು ಅಕ್ಕನ ದನಿ ತೆಗೆಯುತ್ತಿದ್ದ.

ಜಂಬಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ತಾಯಿಲ್ಲದ ತಮ್ಮನನ್ನು ಕಲ್ಲಿನ ಮೇಲೆ ನಿಲ್ಲಿಸಿ ತಿಕ್ಕಿದ ಕೈ ಅದು. ಮತ್ತೆ ತಿಕ್ಕಲು ಅವನದು ಅಂತ ಸಿಕ್ಕಿದ್ದು ಇದೊಂದೇ.

“ಚಲೋ ಆತು ಬಿಡ್ರಿ ಅಕ್ಕಾ” ಎಂದಳು ಗಾಳೆಮ್ಮ.

ಆಮೇಲೆ ಹಿತ್ತಲಿಗೆ ಹೋದಳು. ಬಚ್ಚಲು ಕಲ್ಲಿನ ಮೇಲೆ ಬೂದಿ ನೀರು ಹರಿದು ಹೋಗಿತ್ತು. ಕಲ್ಲಿನ ಒಂದು ಸಂದಿನಲ್ಲಿ ನೇರಳೆ ಶಾಯಿಯ ಗೆರೆ ಇತ್ತು. ಕೂದಲೆಳೆಯಷ್ಟು. ಬಿಸಿಲು ಬಿದ್ದು ಅದೂ ಆರುತ್ತಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಆಗ ಅಳು ಬಂತು. ಹೆಂಗಸರು ಸುತ್ತ ನೆರೆದು, ಬಂತಲ್ಲ, ಅಳು ತಾಯಿ, ಅತ್ತುಬಿಡು ಎಂದರು. ಗಂಡನಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಅದೂ ನಿಜವೇ.

ಸೋಮಪ್ಪ ಸುದ್ದಿ ಕೇಳಿ ಮಣ್ಣಿಗೂ ಬಂದಿದ್ದ. ಈಗ ಮತ್ತೆ ಬಂದ. ಜಂಬಕ್ಕ ಒಳಗೆ ಹಿಟ್ಟು ನಾದುತ್ತಿದ್ದಳು. ಅವನು ತೋಪಿನ ಮಾತು ಎತ್ತಲಿಲ್ಲ. ಗಾಳೆಮ್ಮನೇ ತಂದು ಮುಂದಿಟ್ಟಳು.

“ನಿಮ್ಮ ತೋಪು ಅಣ್ಣಾ. ತಗೊಂಡು ಹೋಗ್ರಿ.”

ಕೊಡುವುದಿಲ್ಲ ಎಂದುಕೊಂಡಿದ್ದವಳಿಗೆ ಈಗ ಇಟ್ಟುಕೊಳ್ಳಲು ಏನೂ ಇರಲಿಲ್ಲ.

ಅವನು ಎತ್ತಿಕೊಂಡ. ಬಾಯಿಯ ಕಡೆ ನೋಡಿದ. ಈ ಸಲ ಬೆರಳು ಹಿಂದಕ್ಕೆ ಹೋಗಲಿಲ್ಲ. “ಬಣ್ಣ ಎಲ್ಲಿ ತಂಗಿ?”

ಗಾಳೆಮ್ಮ ಅಡುಗೆ ಮನೆಯ ಕಡೆ ಕಣ್ಣು ಹೊರಳಿಸಿ, ಮೆಲ್ಲಗೆ, “ಅಕ್ಕ ತೊಳದಾರ” ಎಂದಳು.

“ಆಂ?”

“ತೊಳದಾರ್ರಿ. ಗೊತ್ತಾಗಲಿಲ್ಲ ಅವರಿಗೆ.”

“ತೊಳದಾರಾ?” ಎಂದ ಸೋಮಪ್ಪ. ಓಣಿಯ ಆ ತುದಿಗೆ ಕೇಳುವಷ್ಟು ದನಿ.

ಗಾಳೆಮ್ಮ ಕೈ ಅಡ್ಡ ಮಾಡಿದಳು. ತಡವಾಗಿತ್ತು. ಜಂಬಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. “ಏನ್ರಿ? ಏನು ತೊಳದಾರ?”

ಸೋಮಪ್ಪ ಅವಳನ್ನು ನೋಡಿದ. ಬಿರಿದ ಬೆರಳುಗಳನ್ನು ನೋಡಿದ. ಗಾಳೆಮ್ಮನ ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

“ತೋಪು ಯಾರು ತೊಳದ್ರು ಅಂತ ಕೇಳಿದೆ ಅಕ್ಕಾ” ಎಂದ. “ನಮ್ಮ ಪಲ್ಟನ್ನಿನಾಗ ಹಿಂಗ ತೊಳೆಯೋರು ಇದ್ದಿದ್ರ ನಾವು ಸುಬೇದಾರನ ಕಡಿಂದ ಬೈಸಿಕೊಂತಿದ್ದಿಲ್ಲ.”

“ನಾನೇ ತೊಳದೀನಿ” ಎಂದಳು ಜಂಬಕ್ಕ. ತಮ್ಮ ಸತ್ತ ಮೇಲೆ ಮೊದಲ ಸಲ ಅವಳ ದನಿಯಲ್ಲಿ ಸ್ವಲ್ಪ ಬಿಸುಪು ಇತ್ತು. ಮತ್ತೆ ಒಳಗೆ ಹೋದಳು. ಹಿಟ್ಟು ನಾದುವ ಸದ್ದು ಶುರುವಾಯಿತು.

ಸೋಮಪ್ಪ ತೋಪನ್ನು ಮಗುಚಿದ. ನಳಿಗೆ ಮೈಯ ಮೇಲೆ ಕೂರುವ ಕಡೆ, ಕೆಳಗಿನ ಸಂದಿನಲ್ಲಿ ಕಣ್ಣಿಟ್ಟ. ಬಹಳ ಹೊತ್ತು ನೋಡಿ, ಈ ಸಲ ದನಿಯನ್ನು ಎಲ್ಲೋ ಹುಡುಕಿ ತಗ್ಗಿಸಿಕೊಂಡ.

“ಬಾ ಇಲ್ಲಿ. ನೋಡು. ತೋಪು ತೊಳೆಯೋರ ಕೈ ಇಲ್ಲಿ ಹೋಗಂಗಿಲ್ಲ. ನಮ್ಮ ಸುಬೇದಾರ ಬಂದ ಕೂಡ್ಲೆ ಮೊದಲು ಇಲ್ಲೇ ಬೆರಳು ಹಾಕ್ತಿದ್ದ.”

ಗಾಳೆಮ್ಮ ಬಗ್ಗಿ ನೋಡಿದಳು. ಸಂದಿನೊಳಗೆ ಉಗುರಿನಷ್ಟು ಅಗಲ ಬಣ್ಣ ಉಳಿದಿತ್ತು. ಅಂಚಿಗೆ ಬದನೆಕಾಯಿ, ನಡುವೆ ನವಿಲು ಕುತ್ತಿಗೆ. ಅವನ ಬಟ್ಟೆಯ ತುದಿ ಎಳೆದ ಗುರುತೂ ಇತ್ತು. ಯಾರೂ ನೋಡದ ಸಂದು ಅದು. ಅಲ್ಲಿಗೂ ಬಣ್ಣ ಎಳೆದಿದ್ದ.

“ಇದು ನನಗ ಬ್ಯಾಡ” ಎಂದ ಸೋಮಪ್ಪ. ತೋಪನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಚಹಾ ಕುಡಿಯದೆ ಎದ್ದು ಹೋದ.

ಜಂಬಕ್ಕ ಊರಿಗೆ ಹೋದ ಮೇಲೆ ಗಾಳೆಮ್ಮ ಬಜಾರಿಗೆ ಹೋದಳು. ವಾರ್ನಿಷ್ ಕೊಡಿ ಎಂದು ಕೇಳಿದಳು. ಅಂಗಡಿಯವನು ಬಾಟಲಿ ಕೊಟ್ಟು ತಲೆ ತಗ್ಗಿಸಿದ. ರಸ್ತೆ ದಾಟಲು ಬಹಳ ಹೊತ್ತು ನಿಂತಳು. ಮನೆಗೆ ಬಂದು ಮುಚ್ಚಳ ತೆಗೆದಾಗ ಆ ವಾಸನೆ. ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಮುಖ ತೊಳೆದುಕೊಂಡು, ಅವನ ಎಲ್ಲಕ್ಕಿಂತ ಸಣ್ಣ ಕುಂಚ ತೆಗೆದುಕೊಂಡು, ಆ ಉಗುರಿನಷ್ಟು ಬಣ್ಣದ ಮೇಲೆ ಒಂದು ಹನಿ ಹಚ್ಚಿದಳು. ಬಣ್ಣ ಕದಡಲಿಲ್ಲ. ನಿಂತಿತು.

ಒಂದು ಸಲ ಅವನ ಬಟ್ಟಲುಗಳನ್ನು ತೆಗೆದು, ಉಳಿದಿದ್ದ ಕೊಡೆಯ ಪೈಪಿನ ಮೇಲೆ ತಾನೇ ಎಳೆದು ನೋಡಿದಳು. ಅರಿಶಿನ ಅರಿಶಿನದ ಹಾಗೇ ಕಂಡಿತು, ಶಾಯಿ ಶಾಯಿಯ ಹಾಗೆ. ತೊಳೆದು ಹಾಕಿದಳು. ಮತ್ತೆ ಕೈ ಹಾಕಲಿಲ್ಲ. ತಗಡಿನ ಅಂಗಡಿಯನ್ನು ಸೈಕಲ್ ರಿಪೇರಿಯವನು ಬಾಡಿಗೆಗೆ ಹಿಡಿದ. ಅವಳು ಹಾಸ್ಟೆಲಿನಲ್ಲಿ ರೊಟ್ಟಿ ಮಾಡುವ ಕೆಲಸಕ್ಕೆ ಸೇರಿದಳು.

ಪ್ರತಿ ವರ್ಷ ಆಯುಧಪೂಜೆಗೆ ಜಂಬಕ್ಕ ಬರುತ್ತಾಳೆ. ಬಂದವಳೇ ತೋಪನ್ನು ತೆಗೆದು ಹುಣಸೆಹಣ್ಣು ಹಾಕಿ ತಿಕ್ಕುತ್ತಾಳೆ. ಮೈಯ ಹಸಿರು ಬಣ್ಣವೂ ಅಲ್ಲಲ್ಲಿ ಏಳುತ್ತಿದೆ. ಅವಳು ಬರುವ ಮುಂಚೆ ಗಾಳೆಮ್ಮ ಕೆಳಗಿನ ಸಂದಿಗೆ ಮೇಣ ತುಂಬುತ್ತಾಳೆ. ಹೋದ ಮೇಲೆ ಬಿಡಿಸುತ್ತಾಳೆ. ಇಷ್ಟು ವರ್ಷವಾದರೂ ಹೇಳಿಲ್ಲ. ತಿಕ್ಕಿ ಇಟ್ಟು ವಿಭೂತಿ ಹಚ್ಚಿ, “ಈಗ ನೋಡು, ನನ್ನ ತಮ್ಮನ ಮುಖ ಇದ್ದಂಗೈತಿ” ಎನ್ನುತ್ತಾಳೆ ಜಂಬಕ್ಕ. ಅವಳಿಗೂ ವಯಸ್ಸಾಗಿದೆ. ತಿಕ್ಕುವ ಕೈಯಲ್ಲಿ ಮೊದಲಿನ ಬಲ ಇಲ್ಲ.

ಆದರೆ ವಾರ್ನಿಷ್ ಹಳೆಯದಾದರೆ ಹಳದಿಗೆ ತಿರುಗುತ್ತದೆ. ಇದು ಗಾಳೆಮ್ಮನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದಿರಬೇಕು. ಹಳದಿಯ ಕೆಳಗೆ ನೀಲಿ ಮೊದಲು ಮಂಕಾಯಿತು, ಆಮೇಲೆ ಪಾಚಿಯ ಬಣ್ಣಕ್ಕೆ ಬಂತು. ಈಗ ಆ ಸಂದಿನಲ್ಲಿ ಇರುವುದು ನವಿಲಲ್ಲ. ಕೆರೆಯ ನೀರು. ಬದನೆಕಾಯಿ ಎಂದೋ ಹೋಯಿತು. ಅವಳು ಒರೆಸಲೂ ಇಲ್ಲ, ಮತ್ತೆ ಹಚ್ಚಲೂ ಇಲ್ಲ. ಅದು ಹೋಗುತ್ತಿದೆ.

ಓಣಿಯಲ್ಲಿ ಎಲ್ಲರ ಮನೆಗೂ ಗ್ಯಾಸ್ ಬಂದಿದೆ. ಗಾಳೆಮ್ಮನ ಮನೆಗೂ ಬಂದಿದೆ. ಆದರೂ ಬೆಳಿಗ್ಗೆ ಎದ್ದು ಅವಳು ಹಿತ್ತಲಿನ ನೀರೊಲೆಗೆ ಜಾಲಿಮುಳ್ಳು ಹಾಕಿ ಉರಿ ಹಚ್ಚುತ್ತಾಳೆ. ಒಬ್ಬಳಿಗೆ ಎಷ್ಟು ನೀರು ಬೇಕು ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಉರಿ ಇಳಿದು ಕೆಂಡ ಆಗುತ್ತದೆ. ಕುಡುಗೋಲಿನ ತುಂಡನ್ನು ಇಟ್ಟಿಗೆಯ ಪುಡಿಯಿಂದ ತಿಕ್ಕುತ್ತಾಳೆ. ತಿಕ್ಕಿ ತಿಕ್ಕಿ ಅದು ಬೆರಳಿನಷ್ಟಾಗಿದೆ. ಮಾವನ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಇಡುತ್ತಾಳೆ. ಕೋಳಿ ಬರಲಿ, ಯಾರಾದರೂ ಕೂಗಲಿ, ಅಲ್ಲಿಂದ ಕದಲುವುದಿಲ್ಲ. ದಂಟು ಬರುತ್ತದೆ, ಬೆಲ್ಲ ಬರುತ್ತದೆ, ಬದನೆಕಾಯಿ ಬರುತ್ತದೆ. ನವಿಲು ಕುತ್ತಿಗೆ ಕಂಡ ಕೂಡಲೆ ತೆಗೆಯುತ್ತಾಳೆ. ಒಳಗೆ ತಂದು ಕಿಟಕಿಯ ಕಟ್ಟೆಯ ಮೇಲೆ, ಬೆಳಕು ಬೀಳುವ ಕಡೆ ಇಡುತ್ತಾಳೆ. ಸ್ವಲ್ಪ ಹೊತ್ತು ನಿಲ್ಲುತ್ತಾಳೆ.

ಆಮೇಲೆ ಚಹಾಕ್ಕೆ ಇಡುತ್ತಾಳೆ.